ಸಿಡಿಲಬಳ್ಳಿಯ ಸಿಪ್ಪೆ

"ಅಮ್ಮಾ, ಬೇರಿನ ಸಿಪ್ಪೆ ಎಲ್ಲಿ?"

ಜಿಂಗ್‌ಯಾ ಇನ್ನೂ ಹೆಗಲ ಚೀಲ ಇಳಿಸಿರಲಿಲ್ಲ. ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆಂದು ಫೂಚೌ ಪಟ್ಟಣದಿಂದ ಬೆಳಗಿನ ರೈಲಿಗೆ ಬಂದವಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಲೆಯ ಮೇಲೆ ಮಣ್ಣಿನ ಗಡಿಗೆಯಲ್ಲಿ ಸಿಡಿಲಬಳ್ಳಿಯ ಬೇರು ಕುದಿಯುತ್ತಿತ್ತು. ಮಂಡಿನೋವಿಗೆ ಆ ಊರಿನ ಎಲ್ಲರ ಮನೆಯಲ್ಲೂ ಕುದಿಯುವುದು ಅದೇ ಬೇರು. ಆದರೆ ಯಾವಾಗಲೂ ಒಲೆಯ ಪಕ್ಕ ಬಿದ್ದಿರುತ್ತಿದ್ದ ಕೆಂಪು ಸಿಪ್ಪೆಯ ಗುಡ್ಡೆ ಇರಲಿಲ್ಲ.

"ಇದರಲ್ಲೇ ಇದೆ," ಎಂದು ತಾಯಿ ಜಿನ್‌ಜು ಸೌಟಿನಿಂದ ಗಡಿಗೆ ತೋರಿಸಿದಳು. "ಹೊಸವರ್ಷದ ಊಟಕ್ಕೆ ಕೂತಾಗ ನೀನೇ ಹೇಳಿದ್ಯಲ್ಲೇ, ಔಷಧಿಯೆಲ್ಲ ಸಿಪ್ಪೇಲೇ ಇರೋದು, ಒಳಗಿನ ಕಟ್ಟಿಗೇಲಿ ಚೂರೇ ಚೂರು ಅಂತ. ಜನ್ಮವೆಲ್ಲ ಅದನ್ನ ಎಲೆಕೋಸಿಗೆ ಸುರಿದ್ನಲ್ಲಾ ಅಂತ ಹೊಟ್ಟೆ ಉರೀತು ನಂಗೆ."

ಎಲೆಕೋಸಿನ ಹುಳ ಸಾಯಲಿ ಎಂದೇ ಸುರಿಯುತ್ತಿದ್ದುದು. ಬೇರಿನ ಸಿಪ್ಪೆಯ ಎರಡು ಪದರವನ್ನೂ ಬಿಳಿ ಕಟ್ಟಿಗೆ ಕಾಣುವ ತನಕ ಹೆರೆದು, ಆಮೇಲಷ್ಟೇ ಗಡಿಗೆಗೆ ಹಾಕಬೇಕೆಂಬುದು ಅಲ್ಲಿ ಮಕ್ಕಳಿಗೂ ಗೊತ್ತಿತ್ತು.

ಹೊಸವರ್ಷದ ದಿನ ಜಿಂಗ್‌ಯಾ ಬಹಳ ಖುಷಿಯಲ್ಲಿದ್ದಳು. ತಾಯಿಯ ಒಂದು ಮಂಡಿಯನ್ನು ಪಟ್ಟಣದಲ್ಲಿ ಕೊಯ್ದು ಲೋಹದ್ದು ಕೂರಿಸಿದಾಗ, ತೆಗೆದ ಸವಕಲು ಮೃದ್ವಸ್ಥಿಯನ್ನು, ಅಂದರೆ ಕೀಲಿನ ಮೆತ್ತನೆ ಎಲುಬನ್ನು, ಮಗಳು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಕೊಟ್ಟಿದ್ದರು. ಅದರ ಜೀವಕೋಶಗಳನ್ನು ಗಾಜಿನ ಬಟ್ಟಲಲ್ಲಿ ಬೆಳೆಸಿ ಬೇರಿನ ಸಿಪ್ಪೆಯ ಸಾರ ತೊಟ್ಟಿಕ್ಕಿಸಿದಾಗ, ಕೆರಳಿದ್ದ ಕೋಶಗಳು ತಣ್ಣಗಾಗಿದ್ದವು. "ನೋಡಿ, ನನ್ನ ಮಂಡಿಗೆ ಪಟ್ಟಣದಲ್ಲಿ ಮನೆ ಸಿಕ್ತು, ನಂಗೆ ಸಿಗಲಿಲ್ಲ!" ಎಂದು ಜಿನ್‌ಜು ಅಂದದ್ದಕ್ಕೆ ಊಟಕ್ಕೆ ಕೂತವರೆಲ್ಲ ನಕ್ಕಿದ್ದರು.

ಮೊನ್ನೆ ಅದೇ ಸಾರ ಒಂದಿಷ್ಟು ಹೆಚ್ಚು ಬಿದ್ದ ಬಟ್ಟಲನ್ನು ಜಿಂಗ್‌ಯಾ ನೋಡಿದ್ದಳು. ತಳಕ್ಕೆ ಅಂಟಿದ್ದ ಕೋಶಗಳೆಲ್ಲ ಸತ್ತು ಕಿತ್ತುಬಂದು, ನೀರಿಗೆ ಬಿದ್ದ ಜೊಳ್ಳಿನ ಹಾಗೆ ತೇಲುತ್ತಿದ್ದವು. ಅವೂ ಅಮ್ಮನವೇ.

"ನೀನು ಕುಡಿದ್ಯಾ?"

"ನೀನು ಬರೋ ದಿನ ನೀನು ಉಣ್ಣದೆ ನಾನ್ಯಾವತ್ತು ಬಾಯಿಗೆ ಹಾಕಿದೀನಿ? ನಿಮ್ಮಪ್ಪ ಕುಡಿದ್ರು. ಗುಡ್ಡ ಹತ್ತಬೇಕಲ್ಲ, ಎರಡು ಬಟ್ಟಲು ಕೊಟ್ಟೆ... ಯಾಕೆ ಹಂಗೆ ನೋಡ್ತೀಯ? ಏ ಹುಡುಗೀ!"

ಜಿಂಗ್‌ಯಾ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಎಸೆದಳು. ಕೈ ಸುಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ. ಬಿದಿರಿನ ನಡುವಿನ ದಾರಿ ಹಿಡಿದು ಓಡಿದಳು.

ಗುಡ್ಡದ ಮೇಲೆ ಅಜ್ಜನ ಗೋರಿಯ ಸುತ್ತ ಅರ್ಧ ಹುಲ್ಲು ಕೊಯ್ದಾಗಿತ್ತು. ತಂದೆ ದೆಫು ಕಲ್ಲಿಗೆ ಹಣೆ ಊರಿ ಕೂತಿದ್ದ. ದೂರದಿಂದ ನೋಡಿದರೆ ನಮಸ್ಕಾರ ಮಾಡುತ್ತಿದ್ದಾನೆ ಅನ್ನಬೇಕು.

"ಬಂದ್ಯಾ ಮಗಾ," ಎಂದ, ತಲೆ ಎತ್ತದೆ. "ಮಂಡಿ ಹಗುರಾಗಿದೆ ಕಣೇ, ಸುಳ್ಳು ಹೇಳಲ್ಲ. ಹೊಟ್ಟೇನೇ..." ಮಾತು ಮುಗಿಯುವ ಮೊದಲೇ ವಾಂತಿ ಬಂತು. ಹುಲ್ಲಿನ ಮೇಲೆ ಬಿದ್ದದ್ದರಲ್ಲಿ ರಕ್ತದ ಎಳೆಗಳಿದ್ದವು.

ಪಕ್ಕದ ಮನೆಯವರ ವ್ಯಾನಿನಲ್ಲಿ ತಾಲ್ಲೂಕು ಆಸ್ಪತ್ರೆ ಮುಟ್ಟಿದರು. ಹೊಟ್ಟೆ ತೊಳೆದು, ನರಕ್ಕೆ ಸೂಜಿ ಚುಚ್ಚಿ, ಮೂತ್ರಕ್ಕೆ ಕೊಳವೆ ಹಾಕಿ ಮಲಗಿಸಿದ ಮೇಲೆ ಡಾಕ್ಟರಮ್ಮ ಮಂಚದ ಕೆಳಗೆ ತೂಗುತ್ತಿದ್ದ ಖಾಲಿ ಚೀಲ ತೋರಿಸಿದರು.

"ಈ ವಿಷ ಕಿಡ್ನಿ ಕೆಡಿಸುತ್ತೆ. ಇದಕ್ಕೆ ಮೂತ್ರ ಇಳೀಬೇಕು. ಇಳಿದ್ರೆ ಧೈರ್ಯ. ಅಲ್ಲೀತನಕ ನಾನೇನೂ ಹೇಳಲಾರೆ."

ಜಿನ್‌ಜು ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಅಂಗಳದ ಕೆಸರು ಇನ್ನೂ ಅವಳ ಚಪ್ಪಲಿಯಲ್ಲಿತ್ತು.

"ಬಟ್ಟಲಲ್ಲಿ ನನ್ನ ಮಂಡಿಗೆ ಒಳ್ಳೇದಾಯ್ತು ಅಂದ್ಯಲ್ಲೇ," ಎಂದಳು, ಬೈಯುವ ದನಿಯಲ್ಲೇನೂ ಅಲ್ಲ. "ಇವರಿಗ್ಯಾಕೆ ಆಗ್ಲಿಲ್ಲ?"

ಜಿಂಗ್‌ಯಾ ಬ್ಯಾಂಡೇಜು ಕಟ್ಟಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಗೋರಿಗೆ ಇಡಲೆಂದು ಜಿಂಗ್‌ಯಾ ತಂದ ಕಿತ್ತಳೆಗಳು ಅವಳ ಹೆಗಲ ಚೀಲದಲ್ಲೇ ಉಳಿದಿದ್ದವು. ಜಿನ್‌ಜು ಒಂದನ್ನು ಎತ್ತಿಕೊಂಡು ಸುಲಿಯತೊಡಗಿದಳು. ಮೇಲಿನ ಸಿಪ್ಪೆ ತೆಗೆದಳು. ಬಿಳಿಯ ನಾರುಗಳನ್ನು ಒಂದೊಂದಾಗಿ ಎಳೆದಳು. ದೆಫು ಕಣ್ಣು ಬಿಡಲಿಲ್ಲ.

ಹೊತ್ತು ಮುಳುಗುವಾಗ ಜಿಂಗ್‌ಯಾ ಬಗ್ಗಿ ನೋಡಿದಳು. ಕೊಳವೆಯ ತುದಿಯಲ್ಲಿ ಹಳದಿ ಹನಿಯೊಂದು ದಪ್ಪವಾಗಿ, ಜಾರಿ, ಚೀಲದೊಳಕ್ಕೆ ಬಿತ್ತು. ಹಿಂದೆಯೇ ಇನ್ನೊಂದು.

"ಅಮ್ಮಾ," ಎಂದಳು. "ಅಮ್ಮಾ, ಇಲ್ಲಿ ನೋಡು."

ಜಿನ್‌ಜು ತಲೆ ಎತ್ತಲಿಲ್ಲ. ಅವಳೀಗ ತೊಳೆಗಳ ಮೇಲಿನ ತೆಳ್ಳನೆ ಪೊರೆಯನ್ನೂ ಉಗುರಿನಿಂದ ಬಿಡಿಸುತ್ತಿದ್ದಳು. ರಸ ಅವಳ ಮುಂಗೈ ಮೇಲೆ ಇಳಿಯುತ್ತಿತ್ತು.