ಪೂಜೆಗಿಟ್ಟ ಕೊಂಡಿ

ಅಮೆರಿಕದ ಸೌತ್‌ಫೀಲ್ಡಿನ ಆ ಅಪಾರ್ಟ್‌ಮೆಂಟಿನಲ್ಲಿ ಆಯುಧಪೂಜೆಗೆ ಇಡಲು ಇದ್ದದ್ದಾದರೂ ಏನು? ಒಂದು ಇಕ್ಕಳ, ಸರಳಾಳ ಹೊಲಿಗೆ ಕತ್ತರಿ, ಹಳೇ ಪ್ಲಿಮತ್ ಕಾರಿನ ಕೀಲಿಕೈ. ಅದಕ್ಕೇ ಅವಳ ಗಂಡ ಚಂದ್ರಮೌಳಿ ೧೯೭೦ರ ಹಬ್ಬಕ್ಕೆ, ತಾನು ಡಿಸೈನ್ ಮಾಡಿದ ಉಕ್ಕಿನ ಕೊಂಡಿಯೊಂದನ್ನು ಆಫೀಸಿನಲ್ಲಿ ಕೇಳಿ ತಂದಿದ್ದ. ಪ್ಯಾರಾಚೂಟಿನ ಹಗ್ಗಗಳೆಲ್ಲ ಬಂದು ಸೇರುವ ಕೊಂಡಿ. ಸರಳಾ ಅದಕ್ಕೆ ಕುಂಕುಮವಿಟ್ಟು, “ಇದನ್ನ ನಂಬಿ ಇಳಿಯೋರು ಸುಖವಾಗಿ ನೆಲ ಮುಟ್ಟಲಪ್ಪ” ಎಂದು ಕೈಮುಗಿದಿದ್ದಳು. ಅವನ ಎದೆ ಉಬ್ಬಿತ್ತು.

ಮರುವರ್ಷ, ಹಬ್ಬಕ್ಕೆ ಒಂದು ವಾರವಿರುವಾಗ, ಮ್ಯಾನೇಜರ್ ಎಲ್ಲರಿಗೂ ಡೋನಟ್ ಹಂಚಿ, ಸರ್ಕಾರದ ಕಡೆಯಿಂದ ಬಂದ ಫಿಲಂ ತೋರಿಸಿದ. ಬಾಂಬರ್ ವಿಮಾನವೊಂದು ಮರದ ತುದಿ ಸವರುವಷ್ಟು ತಗ್ಗಿನಲ್ಲಿ ಬಂತು. ಹೊಟ್ಟೆಯಿಂದ ಏನೋ ಬಿತ್ತು, ಪ್ಯಾರಾಚೂಟ್ ಬಿಚ್ಚಿಕೊಂಡಿತು. ಕೆಳಗೆ ತೂಗುತ್ತಿದ್ದದ್ದು ಮನುಷ್ಯನಲ್ಲ, ಬೂದು ಬಣ್ಣದ ಉದ್ದನೆಯ ಬಾಂಬು. ಇದು ಬರೀ ಪರೀಕ್ಷೆಯದು, ಒಳಗೇನಿಲ್ಲ ಎಂದ ಮ್ಯಾನೇಜರ್. ಹಿಂದೆಲ್ಲ ಅಣುಬಾಂಬನ್ನು ಬಹಳ ಎತ್ತರದಿಂದ ಹಾಕಿ ವಿಮಾನ ದೂರ ಓಡುತ್ತಿತ್ತಂತೆ. ಈಗ ರೇಡಾರಿನ ಕಣ್ಣು ತಪ್ಪಿಸಲು ತಗ್ಗಿನಲ್ಲೇ ಹಾರಬೇಕು. ಬಾಂಬು ನಿಧಾನವಾಗಿ ಇಳಿದರಷ್ಟೇ ಹಾಕಿದವರು ಉಳಿಯುತ್ತಾರೆ. ಹೀಗೆ ವಿವರಿಸಿ, ಆ ಪ್ಯಾರಾಚೂಟಿನ ಕೊಂಡಿ ಇವನದೇ ಎಂದು ಚಂದ್ರಮೌಳಿಯ ಬೆನ್ನು ತಟ್ಟಿದ. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಅರ್ಧ ತಿಂದ ಡೋನಟನ್ನು ಮೇಜಿನ ಮೇಲಿಟ್ಟ.

ಮರುದಿನ ಬೇರೆ ಕೆಲಸ ಕೊಡಿ ಎಂದು ಕೇಳಿದ. ಮ್ಯಾನೇಜರ್ ಕೆಟ್ಟವನೇನಲ್ಲ. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿರುವುದೇ ಈ ಕೆಲಸದ ಮೇಲೆ, ಬಿಟ್ಟರೆ ದೇಶವನ್ನೇ ಬಿಡಬೇಕಾದೀತು ಎಂದು ಸಮಾಧಾನವಾಗಿ ತಿಳಿಹೇಳಿದ. ಡ್ರಾಯಿಂಗ್ ಅಂತೂ ಎಂದೋ ಮುಗಿದಿದೆ, ನೀನು ಹೋದರೂ ಕೊಂಡಿಗಳು ತಯಾರಾಗುತ್ತಲೇ ಇರುತ್ತವೆ ಎಂದೂ ಹೇಳಿದ. ಏಳು ತಿಂಗಳ ಬಸುರಿಯನ್ನು ಕರೆದುಕೊಂಡು ಈ ಮಹರಾಯ ಎಲ್ಲಿಗೆ ತಾನೇ ಹೋದಾನು? ತೆಪ್ಪಗೆ ಬಂದು ಕುರ್ಚಿಯಲ್ಲಿ ಕೂತ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮನೆಯಲ್ಲಿದ್ದ ಕೊಂಡಿಯನ್ನು ಮಾತ್ರ ಕಾಲುಚೀಲಗಳ ಅಡಿಯಲ್ಲಿ ಬಚ್ಚಿಟ್ಟ. ಹಬ್ಬದ ದಿನ ಸರಳಾ ಹುಡುಕಿ ತೆಗೆದಳು.

“ಈ ಸಲ ಅದು ಬೇಡ ಕಣೇ.”

“ಯಾಕ್ರೀ? ನಮಗೆ ಅನ್ನ ಹಾಕ್ತಿರೋದೇ ಇದು.”

ಹೇಳಿಬಿಡಬೇಕೆಂದು ಬಾಯಿ ತೆರೆದ. ಅವಳು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು, ಕಷ್ಟಪಟ್ಟು ಬಗ್ಗಿ ಕೊಂಡಿಗೆ ಕುಂಕುಮ ಹಚ್ಚುತ್ತಿದ್ದಳು. ಕುಂಕುಮದ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದ.

“ಇದನ್ನ ನಂಬಿ ಇಳಿಯೋರು ಸುಖವಾಗಿ ನೆಲ ಮುಟ್ಟಲಪ್ಪ,” ಎಂದಳು. “ನೀವೂ ಬೇಡ್ಕೊಳ್ಳಿ.”

ಕೈಮುಗಿದ. ಕೊಂಡಿ ಗಟ್ಟಿಯಾಗಿರಲಿ ಎನ್ನುವುದೋ, ಮುರಿಯಲಿ ಎನ್ನುವುದೋ? ಮುರಿದರೂ ಬಾಂಬು ಬೀಳುವುದು ನೆಲಕ್ಕೇ. ಏನು ಬೇಡಬೇಕೆಂದು ತಿಳಿಯದೆ, ಕರ್ಪೂರ ಆರಿಹೋದ ಮೇಲೂ ಕೈಮುಗಿದೇ ನಿಂತಿದ್ದ.