ಗೋಡೆಯೊಳಗಿನ ನೀರಿನ ಸದ್ದು

ಹಿರಿಸೊಸೆ ಹಜಾರದ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಳು. ಒಳಗಿನ ಪೈಪಿನಲ್ಲಿ ನೀರು ಸುಯ್ಯೆಂದು ಹರಿಯುತ್ತಲೇ ಇತ್ತು. ತಾರಸಿಯ ಟ್ಯಾಂಕಿನಿಂದ ಹೊರಟ ಆ ಪೈಪು ಮಹಡಿಯ ಇವರ ಮನೆಗೂ ಕೆಳಗಿನ ಮೈದುನನ ಮನೆಗೂ ಒಂದೇ. ಇವಳ ನಲ್ಲಿಗಳೆಲ್ಲ ಬಂದಾಗಿದ್ದವು. ಅಂದಮೇಲೆ ವಾರಗಿತ್ತಿ ಕೆಳಗೆ ಬೇಕೆಂದೇ ನಲ್ಲಿ ಬಿಟ್ಟಿದ್ದಾಳೆ, ಇಲ್ಲವೇ ಸೋರುವ ಫ್ಲಶ್ಶನ್ನು ಹಾಗೇ ಬಿಟ್ಟಿದ್ದಾಳೆ, ಇನ್ನೇನು.

"ರೀ, ಬನ್ನಿ ಇಲ್ಲಿ. ನೀವೂ ಕೇಳಿ."

ಗಂಡ ಶೂ ಲೇಸು ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ನೀರಿನ ಸದ್ದು," ಅಂದ.

"ನಿಮ್ಮ ತಮ್ಮನ ಹೆಂಡ್ತಿ ಸದ್ದು ಅದು. ದಿನಕ್ಕೊಂದು ಸಲ ಹಾಕ್ತಿದ್ದ ಮೋಟಾರು ಈಗ ಮೂರು ಸಲ ಹಾಕ್ಬೇಕು. ನೀರೂ ಹೋಯ್ತು, ಕರೆಂಟೂ ಹೋಯ್ತು."

"ಅದಕ್ಕೇ ತಾನೆ ಇವತ್ತು ಪ್ಲಂಬರ್ ಬರ್ತಿರೋದು? ಗೋಡೆ ಒಡೆದು ಬೇರೆ ಪೈಪು, ಮೇಲೆ ಬೇರೆ ಟ್ಯಾಂಕು. ಆಮೇಲೆ ಈ ಮನೇಲಿ ನಾವು ಅಣ್ಣತಮ್ಮಂದಿರು ಅನ್ನೋಕೆ ಮೆಟ್ಟಿಲೊಂದು ಉಳಿಯುತ್ತೆ," ಎಂದು ಆತ ಹೊರಟುಹೋದ. ಅವಳಿಗೂ ಒಳಗೆ ಚುರುಕ್ ಎಂದಿತು.

ವಾರಗಿತ್ತಿಯರ ಮಾತು ನಿಂತದ್ದು ಹೋದ ಬೇಸಿಗೆಯಲ್ಲಿ. ಚಿಕ್ಕವಳು ತಲೆ ತುಂಬ ಸೋಪು ಹಚ್ಚಿಕೊಂಡಿದ್ದಾಗ ಟ್ಯಾಂಕು ಬರಿದಾದದ್ದೇ ನೆಪ. ಅವಳು ಮೇಲೆ ನೋಡಿ ಏನೋ ಅಂದಳು, ಇವಳು ಕೆಳಗೆ ನೋಡಿ ಅದರ ಎರಡರಷ್ಟು ಅಂದಳು. ಅಂದಿನಿಂದ ಇಬ್ಬರೂ ಹೇಳುವುದನ್ನೆಲ್ಲ ಬಟ್ಟೆ ಒಣಹಾಕುವ ತಂತಿಗೆ ಹೇಳುತ್ತಿದ್ದರು. ಆ ತಂತಿಗೆ ಕಿವಿ ಇದ್ದಿದ್ದರೆ ಎಂದೋ ಹರಿದು ಬೀಳುತ್ತಿತ್ತು.

ನೀರಿನ ಕೆಲಸದಲ್ಲಿ ಹಿರಿಯವಳದು ಎತ್ತಿದ ಕೈ. ಪ್ರತಿ ವರ್ಷ ಬಿಸಿಲು ಏರುವ ಮುಂಚೆ ತೋಳು ಮಡಚಿ ಇಳಿದುಬಿಡುತ್ತಿದ್ದಳು: ಟ್ಯಾಂಕು ಉಜ್ಜುವುದು, ನಲ್ಲಿಗಳ ವಾಷರ್ ಬದಲಿಸುವುದು, ಗೀಸರಿನ ಬಿಸಿ ಇಳಿಸಿಡುವುದು. ಷವರಿನ ತೂತುಗಳಿಗೆ ಕಟ್ಟಿದ ಸುಣ್ಣವನ್ನು ಸೂಜಿಯಿಂದ ಬಿಡಿಸುವಾಗ ಹಾಡೂ ಹೇಳಿಕೊಳ್ಳುತ್ತಿದ್ದಳು. ಫ್ಲಶ್ ಟ್ಯಾಂಕಿನ ತಳದಲ್ಲಿ ನೀರು ತಡೆಯುವ ರಬ್ಬರನ್ನು ಹೋದ ವರ್ಷ ತಾನೇ ಹಾಕಿದ್ದಳು. ತಾನು ಹಾಕಿದ್ದು ಸೋರುವುದುಂಟೆ?

ಪ್ಲಂಬರ್ ಬರುವುದರೊಳಗೆ ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಹಿಡಿದು ಕೆಳಗೆ ಹೋಗುವುದು, ಚಿಕ್ಕವಳ ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಹಾಕಿ, ಫ್ಲಶ್ ಒತ್ತದೆಯೇ ಕಮೋಡಿಗೆ ಸೋರಿ ಇಳಿದ ಬಣ್ಣವನ್ನು ಅವಳ ಕಣ್ಣಿಗೇ ತೋರಿಸಿಬಿಡುವುದು ಎಂದು ಲೆಕ್ಕ ಹಾಕಿದಳು. ಆದರೆ ನಾಳೆ ಯಾರೂ ಬೆರಳು ತೋರಿಸಬಾರದಲ್ಲ? ಶಾಸ್ತ್ರಕ್ಕೆಂದು ತನ್ನ ಫ್ಲಶ್ ಟ್ಯಾಂಕಿಗೇ ಮೊದಲು ಹನಿ ಹಾಕಿ, ಕಾಫಿ ಕುಡಿದು ಬಂದಳು.

ಬಿಳಿ ಕಮೋಡಿನ ಒಳಬದಿಯಲ್ಲಿ ನೂಲಿನಷ್ಟು ತೆಳ್ಳಗೆ ನೀಲಿ ಇಳಿಯುತ್ತಿತ್ತು.

ಹಳೇ ಕಲೆ ಇರಬೇಕೆಂದು ಬ್ರಷ್ಷಿನಿಂದ ಉಜ್ಜಿದಳು. ಮತ್ತೆ ಇಳಿಯಿತು. ಮುಚ್ಚಳ ತೆಗೆದು ನೋಡಿದರೆ ರಬ್ಬರು ಒಂದು ಬದಿ ಮಡಚಿಕೊಂಡು ಕೂತಿದೆ. ಆ ಟ್ಯಾಂಕಿಗೆ ನೀರು ಬರುವ ಪುಟ್ಟ ನಲ್ಲಿಯನ್ನು ತಿರುಗಿಸಿ ಬಂದ್ ಮಾಡಿದಳು. ಗೋಡೆಯೊಳಗಿನ ಸುಯ್ ಥಟ್ಟನೆ ನಿಂತಿತು. ಅವಳ ಮುಖ ಬಿಸಿಯಾಯಿತು.

ಒಂದು ಸಲ ಫ್ಲಶ್ ಒತ್ತಿದರೆ ನೀಲಿ ಹೋಗುತ್ತಿತ್ತು. ರಬ್ಬರು ಸರಿಮಾಡಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ಗೋಡೆ ಒಡೆಯುತ್ತದೆ, ಪೈಪು ಎರಡಾಗುತ್ತದೆ, ಇವಳ ಮರ್ಯಾದೆ ಮಾತ್ರ ಇಡಿಯಾಗಿ ಉಳಿಯುತ್ತದೆ. ಗುಂಡಿಯ ಮೇಲೆ ಬೆರಳಿಟ್ಟವಳು ಹಾಗೇ ನಿಂತಳು. ಆಮೇಲೆ "ಥೂ, ನನ್ನ ಬುದ್ಧಿಗಿಷ್ಟು" ಎಂದು ಗೊಣಗಿ ಮೆಟ್ಟಿಲ ಬಳಿ ಹೋದಳು.

"ಒಂದ್ನಿಮಿಷ ಮೇಲೆ ಬಾರೇ."

ಕೆಳಗೆ ಪಾತ್ರೆಯ ಸದ್ದು ನಿಂತಿತು. ಚಿಕ್ಕವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಮೇಲೆ ನೋಡಿದಳು. "ತಂತಿಗೆ ಹೇಳಿದ್ರಾ, ನನಗಾ?"

"ನಿನಗೇ ಕಣೇ."

ಕಮೋಡಿನ ಮುಂದೆ ಇಬ್ಬರೂ ಬಗ್ಗಿ ನಿಂತರು. "ಇದು ನಾನು ಹಾಕಿದ ರಬ್ಬರು. ಇಷ್ಟು ದಿನ ಸೋರಿದ್ದು ಇಲ್ಲಿ. ನಾನು ನಿನ್ನ ಅಂದೆ. ತಪ್ಪಾಯ್ತು," ಅಂದಳು ಹಿರಿಯವಳು, ನೀಲಿಯನ್ನೇ ನೋಡುತ್ತ.

"ಕೆಳಗೂ ಕೇಳ್ತಿತ್ತು ಅಕ್ಕಾ ಈ ಸದ್ದು," ಎಂದಳು ಚಿಕ್ಕವಳು. "ನನ್ನ ಹೊಟ್ಟೆ ಉರಿಸೋಕೆ ಅಂತಾನೇ ನೀವು ನಲ್ಲಿ ಬಿಡ್ತೀರಿ ಅಂತ ದಿನಾ ನಿಮ್ಮ ಮೈದುನನ ತಲೆ ತಿಂದಿದೀನಿ. ಪಾಪ, ಅವರ ತಲೇಲಿ ಈಗ ಏನೂ ಉಳಿದಿಲ್ಲ."

"ಮುಂಚೆ ಏನಿತ್ತು ಬಿಡು," ಎಂದ ಹಿರಿಯವಳಿಗೆ ನಗು ತಡೆಯಲಾಗಲಿಲ್ಲ. ಟ್ಯಾಂಕಿಗೆ ಮೊಣಕೈವರೆಗೂ ಕೈ ಇಳಿಸಿ ರಬ್ಬರನ್ನು ಬಿಡಿಸಿ ನೆಟ್ಟಗೆ ಕೂರಿಸಿದಳು. "ಹೋಗು, ಗೋಡೆಗೆ ಕಿವಿ ಕೊಡು. ನೀರು ಬಿಡ್ತೀನಿ."

ಅಷ್ಟರಲ್ಲಿ ತೆರೆದ ಬಾಗಿಲಿನಲ್ಲಿ ಪ್ಲಂಬರ್ ಬಂದು ನಿಂತ. ಕೈಯಲ್ಲಿ ಡ್ರಿಲ್ಲು, ಹೆಗಲಲ್ಲಿ ಚೀಲ. "ಅಮ್ಮಾ, ಎಲ್ಲಿಂದ ಒಡೀಲಿ?"

"ಶ್," ಅಂದಳು ಚಿಕ್ಕವಳು. ಆತ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ.

ಟ್ಯಾಂಕು ತುಂಬಿತು. ಸುಯ್ ಸಣ್ಣದಾಗುತ್ತ ಹೋಗಿ ನಿಂತಿತು. ಚಿಕ್ಕವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. ಆದರೆ ಗೋಡೆ ಬಿಟ್ಟು ಈಚೆ ಬರಲಿಲ್ಲ. ಹಿರಿಯವಳೂ ತೊಟ್ಟಿಕ್ಕುವ ಕೈಯಲ್ಲೇ ಬಂದು ಅವಳ ಪಕ್ಕದಲ್ಲಿ ಕಿವಿ ಹಚ್ಚಿ ನಿಂತಳು.