ಹೊಕ್ಕುಳಿನ ಆಚೆ ಈಚೆ

ಸೊಂಟ, ಸೊಂಟ, ಇನ್ನೊಂದು ಸೊಂಟ — ಗಾಲಿಕುರ್ಚಿಯಲ್ಲಿ ಕೂತವನಿಗೆ ಲೋಕ ಕಾಣುವುದು ಅಷ್ಟೇ ಎತ್ತರಕ್ಕೆ, ಒಂದು ಪಂಚೆಯ ಗಂಟು, ಬೆಲ್ಟಿಗೆ ನೇತಾಡುವ ಬೈಕಿನ ಕೀ, ಸೀರೆಗೆ ಸಿಕ್ಕಿಸಿದ ಕರ್ಚೀಫು, ಎಕ್ಸ್‌ರೇ ಕವರು ಹಿಡಿದ ಕೈ, ಮುಖಗಳೆಲ್ಲ ಮೇಲೆಲ್ಲೋ ಇವೆ, ಇವರೆಲ್ಲ ತಮ್ಮ ಸೊಂಟವನ್ನು ಎಷ್ಟು ಸಲೀಸಾಗಿ ಹೊತ್ತು ತಿರುಗುತ್ತಿದ್ದಾರೆ ನೋಡು ಮೃತ್ಯುಂಜಯ, ಅದು ಇದೆ ಅನ್ನುವ ನೆನಪೂ ಇಲ್ಲ ಇವರಿಗೆ, ನನಗೂ ಇರಲಿಲ್ಲ, ಹೋದ ವರ್ಷದ ತನಕ. ಪಕ್ಕದಲ್ಲಿ ನಿಂತಿರುವ ಈ ಹಸಿರು ಸೀರೆಯ ಸೊಂಟ ನನ್ನ ಹೆಂಡತಿ ಸುಧಾಮಣಿಯದು, ಚಾಮರಾಜನಗರದ ಆಸ್ಪತ್ರೆಯ ಈ ವೆರಾಂಡಕ್ಕೆ ಬಂದಾಗಿನಿಂದ ಅವಳು ಆಡಿದ್ದು ನೀರು ಬೇಕಾ, ಕಾಲು ಸರಿಮಾಡಲಾ, ಅಷ್ಟೇ, ಸಿಟ್ಟು ಇಳಿದಿಲ್ಲ ಇನ್ನೂ, ಹೋದ ವಾರ ನಾನು ಅಂದೆನಲ್ಲ, ಸುಧಾ, ನೀನು ತೆರಕಣಾಂಬಿಗೆ ಹೋಗ್ಬುಡು, ನಿಮ್ಮವ್ವನ ಮನೇಲಿರು, ನಿಂಗಿನ್ನೂ ವಯಸ್ಸದೆ, ನನ್ನ ಕೈಲಿ ಇನ್ನೇನೂ ಆಗದಿಲ್ಲ, ಅವಳು ಎದ್ದುಹೋಗಿ ಪಾತ್ರೆ ತೊಳೆದಳು, ಹೇಗೆ ತೊಳೆದಳೆಂದರೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ ದೊಡ್ಡಮಲ್ಲಮ್ಮ, ಏನಮ್ಮಿ ಅದು ಬಿದ್ದುದ್ದು, ಅಂತ ಕೂಗಿದಳು, ಏನೂ ಬಿದ್ದಿಲ್ಲ ಅತ್ತೆ, ನಿಮ್ಮ ಮಗನ ಬುದ್ಧಿ ಒಂದ್ಬುಟ್ಟು, ಅಂದಳು ಸುಧಾ. ಬಿದ್ದವನು ನಾನೇ, ಗಡಿಯಂಚಿನ ಮದ್ದೂರು ಚೆಕ್‌ಪೋಸ್ಟ್ ದಾಟಿ ಕೇರಳಕ್ಕೆ ಟೊಮೆಟೊ ಲೋಡು ಹೊಡೆಯುತ್ತಿದ್ದವನು, ಕಾಡಿನ ರಸ್ತೆಯಲ್ಲಿ ಆನೆ ಅಡ್ಡ ನಿಂತಾಗಲೂ ಕೂದಲು ಕೊಂಕಲಿಲ್ಲ, ಭೀಮನಬೀಡಿನ ನಮ್ಮ ಮನೆಯ ಮುಂದೆ, ನಿಂತ ಗಾಡಿಯ ಮೇಲೆ, ಲೋಡಿಗೆ ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಕಿತ್ತು ಬೆನ್ನಡಿಯಾಗಿ ಬಿದ್ದೆ, ಬಿದ್ದವನು ಮೊದಲು ಕೇಳಿದ್ದು ಹಣ್ಣು ಒಡೀತಾ ಅಂತಂತೆ, ಹಣ್ಣು ಒಡೆಯಲಿಲ್ಲ, ಬೆನ್ನುಹುರಿ ಜಜ್ಜಿಹೋಯಿತು, ಅಂದಿನಿಂದ ಹೊಕ್ಕುಳಿನವರೆಗೆ ನಾನು, ಅದರಾಚೆ ಇನ್ಯಾರೋ. ಇರಲಿ, ಅದಕ್ಕೂ ಒಗ್ಗಿಕೊಂಡೆ, ಫೋನಿನಲ್ಲೇ ಗಾಡಿಗಳಿಗೆ ಲೋಡು ಹೊಂದಿಸಿಕೊಡುತ್ತೇನೆ, ಮಂಚದಿಂದ ಕುರ್ಚಿಗೆ ತೋಳಿನ ಬಲದಲ್ಲೇ ಜಿಗಿಯುತ್ತೇನೆ, ಉಳಿದಿರುವುದು ಆ ವಿಷಯ ಒಂದೇ, ಇವತ್ತು ಡಾಕ್ಟರನ್ನು ಕೇಳಿಯೇಬಿಡಬೇಕು, ಆದರೆ ಏನಂತ ಕೇಳುವುದು — ಸಂಸಾರ ಅಂದರೆ ಮಕ್ಕಳೆಷ್ಟು ಅನ್ನುತ್ತಾರೆ, ಲೈಂಗಿಕ ಅಂದರೆ ಪೇಪರಿನ ಪ್ರಶ್ನೋತ್ತರದ ಹಾಗೆ ಕೇಳಿಸುತ್ತದೆ, ನಮ್ಮೂರ ಮಾತಿನಲ್ಲಿ ಹೇಳಿದರೆ ಬೈಗುಳವಾಗುತ್ತದೆ, ಗುಂಡ್ಲುಪೇಟೆಯ ಗಾಡಿ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ಇದನ್ನೇ ಆಡಿಕೊಂಡು ನಗುತ್ತಿದ್ದೆವು, ಈಗ ಬೇಕಾದಾಗ ನೆಟ್ಟಗಿರುವ ಒಂದು ಮಾತಿಲ್ಲ, ಅದೂ ಒಳಗಿರುವುದು ಹೆಂಗಸು, ಡಾಕ್ಟರಮ್ಮ, ಶಿವನೇ.

ಭೀಮನಬೀಡು ಮೃತ್ಯುಂಜಯ ಯಾರಪ್ಪಾ, ಅಂತ ಕೂಗಿದರು, ಸುಧಾ ಕುರ್ಚಿ ತಳ್ಳಿದಳು, ಒಳಗೆ ಸ್ಪಿರಿಟ್ಟಿನ ವಾಸನೆ, ಗೋಡೆಯ ಮೇಲೆ ಬೆನ್ನುಮೂಳೆಯ ಚಿತ್ರ, ಡಾಕ್ಟರಮ್ಮ ತಲೆಯೆತ್ತದೆ ಕೇಳುತ್ತಾರೆ, ಕೂತ ಜಾಗದಲ್ಲಿ ಹುಣ್ಣಾಗಿದೆಯಾ, ಇಲ್ಲ, ಪೈಪು ಹಾಕಿ ಯೂರಿನ್ ನೀವೇ ತೆಗೀತೀರಾ, ಹೂಂ, ಮೋಷನ್ ಸರಿಯಾಗಿದೆಯಾ, ಆಗ್ತದೆ, ಗಂಡ ಹೆಂಡತಿ ಜೊತೆಗಿದ್ದೀರಾ, ಇದ್ದೀವಿ ಡಾಕ್ಟ್ರೇ, ಒಂದೇ ಮನೇಲಿ — ಆ ಜೊತೆ ಅಲ್ಲ, ಅಂದರು ಅವರು, ಈಗ ತಲೆಯೆತ್ತಿ, ಒಂದೇ ಹಾಸಿಗೇಲಿ. ಕಿವಿ ಬಿಸಿಯಾಯಿತು, ಇಡೀ ಬೆಳಗ್ಗೆ ನಾನು ಹುಡುಕುತ್ತಿದ್ದ ಮಾತನ್ನು ಈಯಮ್ಮ ಮೋಷನ್ನಿನ ಪಕ್ಕದಲ್ಲೇ ತಂದಿಟ್ಟುಬಿಟ್ಟರಲ್ಲ, ಹುಣ್ಣು, ಪೈಪು, ಮೋಷನ್, ಹಾಸಿಗೆ, ಎಲ್ಲ ಒಂದೇ ದನಿಯಲ್ಲಿ, ನಾನು ಗೋಡೆಯ ಬೆನ್ನುಮೂಳೆಗೆ ಹೇಳಿದೆ, ಇಲ್ಲ ಡಾಕ್ಟ್ರೇ, ನನ್ನ ಮಂಚ ಬೇರೆ, ಆ ಕಡೆ ಏನೂ ಗೊತ್ತಾಗದಿಲ್ಲ, ಅದೆಲ್ಲ ಮುಗೀತು, ಇವಳನ್ನ ತವರಿಗೆ ಹೋಗು ಅಂದಿದೀನಿ. ನೀವೇನಂತೀರಮ್ಮ, ಅಂತ ಸುಧಾಳ ಕಡೆ ತಿರುಗಿದರು ಅವರು, ಅವಳು ಸುಮ್ಮನಿರುತ್ತಾಳೆ ಅಂದುಕೊಂಡೆ, ಎಲ್ಲಿ ಸುಮ್ಮನಿರುತ್ತಾಳೆ, ನಾನೇನನ್ಲಿ ಡಾಕ್ಟ್ರೇ, ನನ್ನ ಕೇಳ್ಬುಟ್ಟು ಅಂದ್ರಾ ಇವ್ರು, ಬೆನ್ನು ಒರ್ಸಕ್ಕೆ ಕಾಲು ಮಡ್ಚಕ್ಕೆ ನನ್ನ ಕೈ ಬೇಕು, ಅದು ಮುಗುದ್ಮೇಲೆ ಅದೇ ಕೈ ಇಡ್ಕಳಕ್ಕೆ ಇವ್ರಿಗೆ ನಾಚ್ಕೆ, ಮಂಚ ಬೇರೆ ಮಾಡ್ಕಂಡುದ್ದೂ ಇವ್ರೇ, ನಂಗೆ ಇವ್ರು ಬೇಕು, ಇವ್ರಿಗೆ ನಾನು ಬೇಕಾ ಬ್ಯಾಡ್ವಾ, ಅದೊಂದ ನನ್ನ ಮುಂದೇನೇ ಕೇಳ್ಬುಡಿ. ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದಾರೆ, ಬೇಕು, ಅಂದೆ, ಕಪ್ಪೆ ವಟಗುಟ್ಟಿದ ಹಾಗೆ ಬಂತು, ಇನ್ನೊಂದು ಸಲ ಹೇಳಿದೆ, ಬೇಕು. ಸರಿ ಹಾಗಾದ್ರೆ, ಅಂದರು ಡಾಕ್ಟರಮ್ಮ, ಒಮ್ಮೊಮ್ಮೆ ತಾನಾಗೇ ಏಳೋದುಂಟಾ, ಸ್ನಾನ ಮಾಡಿಸುವಾಗ, ಪೈಪು ಹಾಕುವಾಗ, ನಾನು ಬಾಯಿ ತೆರೆಯುವ ಮೊದಲೇ ಸುಧಾ, ಉಂಟು ಡಾಕ್ಟ್ರೇ, ಇವ್ರು ಟವಲ್ ಮುಚ್ಕಂತರೆ, ನಾನು ಗೋಡೆ ನೋಡ್ತೀನಿ, ಡಾಕ್ಟರಮ್ಮ ನಕ್ಕುಬಿಟ್ಟರು, ಇಬ್ಬರೂ ಸೇರಿ ಒಳ್ಳೆ ಕೆಲಸ ಮಾಡಿದೀರಿ, ಅದು ಕೆಳಗಿನ ನರಗಳದ್ದೇ ಕೆಲಸ ಕಣ್ರೀ, ಮುಟ್ಟಿದರೆ ಏಳುತ್ತದೆ, ಮೆದುಳಿನ ಅಪ್ಪಣೆಗೆ ಕಾಯೋದಿಲ್ಲ, ಕಾಯಿಲೆ ಅಲ್ಲ ಅದು, ಒಳ್ಳೇದೇ, ನಿಲ್ಲದಿದ್ದರೆ ಮಾತ್ರೆ ಇದೆ, ಆದರೆ ನಿಮ್ಮ ಬಿ.ಪಿ., ಹೃದಯ ನೋಡಿ ನಾನೇ ಬರೆದುಕೊಡ್ತೀನಿ, ಅಂಗಡೀಲಿ ಕೇಳಿ ನುಂಗಬೇಡಿ, ಮಗು ಬೇಕು ಅಂದರೆ ಅದಕ್ಕೂ ದಾರಿಗಳಿವೆ, ಇನ್ನೊಂದು ದಿನ ಮಾತಾಡೋಣ. ದಾರಿಗಳಿವೆ, ಅಂದರಲ್ಲ, ಒಂದಲ್ಲ, ದಾರಿಗಳು, ನಾನು ಇಷ್ಟು ದಿನ ಟವಲ್ ಮುಚ್ಚಿ ಕೂರಿಸಿದ್ದು ಅವಮಾನವನ್ನಲ್ಲ, ಒಳ್ಳೆಯದನ್ನು, ಅಯ್ಯೋ ಶಿವನೇ ಎಂಥ ದಡ್ಡ ನಾನು. ಇವತ್ತಿಗೆ ಮನೆಗೆಲಸ ಒಂದೇ, ಅಂದರು ಡಾಕ್ಟರಮ್ಮ, ಇವರು ಕಣ್ಣು ಮುಚ್ಚಿ ಮಲಗಲಿ, ನೀವು ಮುಟ್ಟುತ್ತ ಬನ್ನಿ, ಎಲ್ಲೆಲ್ಲಿ ಗೊತ್ತಾಗುತ್ತೆ, ಎಲ್ಲಿ ಹಿತ, ಎಲ್ಲಿ ಇಲ್ಲ, ಇಬ್ಬರೂ ತಿಳ್ಕೊಳ್ಳಿ, ಆತುರ ಬೇಡ, ಹೋಗುವಾಗ ಹೊರಗೆ ದೊರೆಸ್ವಾಮಿ ಅಂತ ಇರ್ತಾರೆ, ಮಾತಾಡಿಸಿ.

ಇವತ್ತು ಮೊದಲನೇ ಸಲ ಒಂದು ಮುಖ ನನ್ನ ಮುಖದ ಎತ್ತರಕ್ಕೆ ಸಿಕ್ಕಿತು, ಹೊಂಗೆ ಮರದ ನೆರಳಲ್ಲಿ ಗಾಲಿಕುರ್ಚಿ, ಕಪ್ಪು ಬಣ್ಣ ಹಚ್ಚಿದ ಮೀಸೆ, ಕೈಯಲ್ಲಿ ಟೀ ಲೋಟ, ಹರವೆಯ ದೊರೆಸ್ವಾಮಿ, ಹುಣಸೆ ಮರದಿಂದ ಬಿದ್ದು ಎಷ್ಟೋ ವರ್ಷವಾಯಿತಂತೆ, ಈಗ ನನ್ನಂಥವರ ಜೊತೆ ಮಾತಾಡಲಿಕ್ಕೇ ಬರುತ್ತಾನೆ. ಸುಧಾ ಔಷಧಿ ತರಲು ಹೋದಳು, ಬನ್ನಿ ಸ್ವಾಮಿ, ಅಂದ, ಡಾಕ್ಟ್ರಮ್ಮ ಎಲ್ಲಾ ಯೋಳುದ್ರಾ, ಯೋಳುದ್ರು, ಅಂದೆ, ಎಲ್ಲಾನೂ ಅವ್ರ ಕೈಲಿ ಯೋಳಕ್ಕಾಗದಿಲ್ಲ, ಅದುಕ್ಕೇ ನಾನಿರದು, ಮೊದ್ಲು ಪೈಪ್ ಹಾಕಿ ಖಾಲಿ ಮಾಡ್ಕಬುಡಿ, ನಾನು ಮೊದುಲ್ನೇ ಸಲ ಮರ್ತು ಹಾಸ್ಗೆಯೆಲ್ಲ ನೆನ್ಸಿ, ನಮ್ಮನೆಯವ್ಳು ನಕ್ಕಂಡು ನಕ್ಕಂಡೇ ಬೆಡ್‌ಶೀಟ್ ಒಗುದ್ಲು, ಮಂಡಿ ಕೆಳುಗ್ ದಿಂಬು ಇಟ್ಕಳಿ, ಅವ್ರು ಮೇಲಿರ್ಲಿ, ಅದುಕ್ಕೆ ಮರ್ವಾದೆ ಏನೂ ಓಗದಿಲ್ಲ, ಮುಗುದ್ಮೇಲೆ ಮೈ ಎಲ್ಲಾರ ಒತ್ತಿ ಕೆಂಪಾಗದಾ ನೋಡ್ಕಳಿ. ಟೀಗೆ ಸಕ್ಕರೆ ಎಷ್ಟು ಅಂತ ಮಾತಾಡುವವನ ಹಾಗೆ ಹೇಳುತ್ತಿದ್ದಾನೆ, ನಾನು ಆಚೀಚೆ ನೋಡಿದೆ, ಯಾರಿಗೂ ಕೇಳುತ್ತಿಲ್ಲ, ಮೆಲ್ಲಗೆ ಕೇಳಿದೆ, ಮೊದ್ಲಿನಂಗೆ ಆಗ್ತದಾ, ಅವನು ಲೋಟ ಕೆಳಗಿಟ್ಟ, ಇಲ್ಲ, ಸುಳ್ ಯೋಳದಿಲ್ಲ, ಮೊದ್ಲಿನಂಗಿರದಿಲ್ಲ, ಬ್ಯಾರೆ ತರ ಇರ್ತದ, ನಂಗೆ ಕೆಳುಗ್ ಸತ್ತದ್ದು ಮೇಲೆ ಬಂದು ಕೂತದ, ನಮ್ಮನೆಯವ್ಳು ಕಿವಿ ಹಿಂದ್ಗಡೆ ಉಫ್ ಅಂದ್ರೆ ಸಾಕು ನಂಗೆ ಮಾದೇಶ್ವರನ ಬೆಟ್ಟವೇ ಕಂಡ್ಬುಡ್ತದ, ಗಂಡಸ್ತನ ಸೊಂಟದ ಕೆಳ್ಗೇ ಇರದು ಅಂತ ಯಾರ್ಲಾ ಯೋಳುದ್ದು ನಿಂಗೆ. ಸ್ವಾಮಿ ಹೋಗಿ ಲಾ ಬಂತು, ನನಗೂ ಹಿತವಾಯಿತು, ಗಾಲಿಯ ಮೇಲೆ ಕೂತವರಲ್ಲಿ ಎತ್ತರ ತಗ್ಗು ಎಲ್ಲಿಯದು, ನಿನ್ನ ಹೆಂಡ್ತಿ ಬೇಜಾರು ಮಾಡ್ಕಳದಿಲ್ವಾ, ಹಿಂಗೆಲ್ಲ ಯೋಳ್ತಿಯಲ್ಲ, ಅಂದೆ, ಬೇಜಾರಾ, ಅವ್ಳೇ ನನ್ನ ಕಳ್ಸದು ಕಣ್ಲಾ, ಓಗು, ಅಲ್ಲಿ ಯಾವನಾರ ಪೆಕರ ಹೆಂಡ್ತಿನ ತವ್ರಿಗೆ ಅಟ್ಟಕ್ಕೆ ಕೂತಿರ್ತನೆ, ಬುದ್ಧಿ ಯೋಳ್ಬುಟ್ಟು ಬಾ ಅಂತಳ. ಆ ಪೆಕರ ನಾನೇ, ಅಂದೆ, ಇಬ್ಬರೂ ಎಷ್ಟು ನಕ್ಕೆವೆಂದರೆ ಕುರ್ಚಿಯ ಬೆಲ್ಟಿನ ಮೇಲೆ ನನ್ನ ಮೈ ವಾಲಿತು, ಔಷಧಿ ಹಿಡಿದು ಬಂದ ಸುಧಾ ಭುಜ ಹಿಡಿದು ಸರಿಮಾಡಿದಳು, ಭುಜದ ಮೇಲಿನ ಕೈ ತಕ್ಷಣ ತೆಗೆಯಲಿಲ್ಲ.

ಆಟೋದಲ್ಲಿ ಏನು ಮಾತಾಡುವುದು, ಮುಂದೆ ಮಲ್ಲೇಶ ಕನ್ನಡಿಯಲ್ಲಿ ನೋಡುತ್ತಾನೆ, ನಮ್ಮೂರಿನವನೇ, ಗಾಳಿ ಬೀಸುತ್ತಿದೆ, ತೆರಕಣಾಂಬಿ ಬಂತು, ಮಾರ್ಕೆಟ್ಟಿನ ಮುಂದೆ ಎಲೆಕೋಸಿನ ಲಾರಿಗಳು, ಅವಳ ತವರಿನ ಬೀದಿ, ಸುಧಾ ನನ್ನ ಕಿವಿಗೆ ಬಗ್ಗಿದಳು, ಇಲ್ಲೇ ಇಳ್ಕಳ್ಲಾ, ಇಳ್ಕೊ, ಆದ್ರೆ ನನ್ನೂ ಎತ್ಕಂಡು ಇಳೀಬೇಕು, ಅಂದೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡಳು, ವಾರದ ಮೇಲೆ ಕಂಡ ನಗು, ಏನಕ್ಕ, ಅಂದ ಮಲ್ಲೇಶ, ಏನಿಲ್ಲ ನೀನು ಓಡ್ಸು, ಗುಂಡ್ಲುಪೇಟೆ ದಾಟಿದರೆ ಎರಡೂ ಕಡೆ ಚೆಂಡುಹೂವು, ಇಷ್ಟು ಹಳದಿ ಯಾತಕ್ಕೆ ಬೇಕಪ್ಪ ಲೋಕಕ್ಕೆ, ಬೇಕು, ಇರಲಿ, ಎಷ್ಟಿದ್ದರೂ ಇರಲಿ. ಮನೆಯಲ್ಲಿ ಅವ್ವ ಇಲ್ಲ, ಹೂ ಕೀಳಲು ಹೊಲಕ್ಕೆ ಹೋಗಿದ್ದಾಳೆ, ಹಂಚಿನ ಸಂದಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿದೆ, ಸುಧಾ ಹಾಡಹಗಲಲ್ಲೇ ಬಾಗಿಲು ಹಾಕಿ ಅಗುಳಿ ಜಡಿದಳು, ಎದೆ ಹೊಡೆದುಕೊಳ್ಳುತ್ತಿದೆ, ಮದುವೆಯಾದ ಹೊಸದರಲ್ಲೂ ಹೀಗೆ ಹೊಡೆದುಕೊಂಡಿರಲಿಲ್ಲ, ಶರ್ಟು ಬಿಚ್ಚಿದಳು, ಕಣ್ಣು ಮುಚ್ಚಿ, ಅಂದಳು, ಮುಚ್ಚಿದೆ. ಬೆರಳು — ಕೊರಳಿನ ಕೆಳಗೆ, ಬ್ಲೌಸು ಹೊಲಿದು ಹೊಲಿದು ಸೂಜಿ ಚುಚ್ಚಿ ಒರಟಾದ ತುದಿ, ಈ ಬೆರಳಿನ ಒರಟುತನ ನನಗೆ ಗೊತ್ತೇ ಇರಲಿಲ್ಲವಲ್ಲ, ಇಲ್ಲಿ, ಅನ್ನುತ್ತಾಳೆ, ಗೊತ್ತಾಗ್ತದೆ, ಇಲ್ಲಿ, ಹೂಂ, ಇಲ್ಲಿ, ಹೂಂ ಸುಧಾ, ಬೆರಳು ಪಕ್ಕೆ ದಾಟಿತು, ಹೊಕ್ಕುಳಿನ ಹತ್ತಿರ ಬಂತು, ಒಂದು ಗೆರೆ, ಅಲ್ಲಿ ಮುಟ್ಟಿದ್ದೇ ಮಿಂಚು ಹೊಡೆದ ಹಾಗೆ ಕಚಗುಳಿ ನೆತ್ತಿಗೆ ಏರಿ ಅಯ್ಯಯ್ಯೋ ಅಂತ ಕಿರುಚಿಬಿಟ್ಟೆ, ಸುಧಾ ಬೆಚ್ಚಿ ಕೈ ತೆಗೆದಳು, ನೋವಾಯ್ತಾ, ಇಲ್ಲ ಕಣಮ್ಮಿ, ಇನ್ನೊಂದಪ ಮುಟ್ಟು, ಮುಟ್ಟಿದಳು, ಮತ್ತೆ ಕಿರುಚಿದೆ, ಈ ಸಲ ಅವಳೂ ನಗುತ್ತಿದ್ದಾಳೆ, ಗೋಡೆಯಾಚೆಯಿಂದ ಪಕ್ಕದ ಮನೆಯ ಪುಟ್ಟಿ, ಸುಧಕ್ಕಾ ಏನದು ಗಲಾಟೆ, ಏನಿಲ್ಲ ಪುಟ್ಟಿ, ಡಾಕ್ಟ್ರು ಎಕ್ಸರ್‌ಸೈಜ್ ಕೊಟ್ಟವ್ರೆ, ಹಾಗೆಂದು ನನ್ನ ಎದೆಯ ಮೇಲೆ ಮುಖವಿಟ್ಟು ನಗು ನುಂಗಿದಳು, ಅವಳ ಉಸಿರು, ಕಣ್ಣೀರೂ ಇದೆ, ಬಿಸಿ, ಎಲ್ಲ ಗೊತ್ತಾಗುತ್ತಿದೆ. ಆಮೇಲೆ ಎದ್ದು ಮತ್ತೆ ಬೆರಳಿಟ್ಟಳು, ಗೆರೆಯ ಈಚೆ, ಇದೆ, ಗೆರೆಯ ಆಚೆ, ಇಲ್ಲ, ಈಚೆ, ಇದೆ, ಆಚೆ, ಇಲ್ಲ, ಕಳ್ಳತನದಲ್ಲಿ ಕಣ್ಣು ತೆರೆದೆ, ಬೆರಳು ಆಚೆಯೇ ಇದೆ, ಇನ್ಯಾರೋ ಅಂದುಕೊಂಡಿದ್ದೆನಲ್ಲ ಅವನ ಮೇಲೆ, ಇಷ್ಟು ದಿನ ಅವಳು ಒರಸಿ ಮಡಚಿ ತೊಳೆದ ಆ ಮೈಯ ಮೇಲೆ, ಈಗ ಕೆಲಸವಿಲ್ಲದೆ, ಸುಮ್ಮನೆ, ಪ್ರೀತಿಗೆ ಇಟ್ಟ ಬೆರಳು, ಚರ್ಮಕ್ಕೆ ಗೊತ್ತಿಲ್ಲ, ಆದರೂ ಏನೋ ಬರುತ್ತಿದೆ, ಕಣ್ಣಿನಿಂದ ಒಳಗಿಳಿದು ಬರುತ್ತಿದೆ, ಮೋಸ, ಕಣ್ಣು ಮುಚ್ಚಿ, ಅಂದಳು, ಮುಚ್ಚಿದೆ, ಇಲ್ಲಿ, ಅಂದಳು, ಏನು ಹೇಳಲಿ, ಗೊತ್ತಾಗುತ್ತಿದೆಯೋ ಕಾಣುತ್ತಿದೆಯೋ, ಮುಚ್ಚಿದ ರೆಪ್ಪೆಯೊಳಗೂ ಅದೇ, ಸೂಜಿ ಚುಚ್ಚಿದ ತುದಿ, ಒರಟು, ಬಿಸಿಲಲ್ಲಿ, ಆಚೆ ನಿಂತ ಬೆರಳು, ಇಲ್ಲಿ ಅನ್ನುವ ಬೆರಳು, ಬೆರಳು —